ಹಿತ್ತಿಲಿಗೆ ಬಂದ ಕಾಡು ಐರಿಸ್: ಕೈಯಿಂದ ಮಾಡುವ ಪರಾಗಸ್ಪರ್ಶದ ಚರಿತ್ರೆ

ಐರಿಸ್ ಎಂಬುದು ಉತ್ತರ ಗೋಳಾರ್ಧದ ಸಮಶೀತೋಷ್ಣ ವಲಯದಲ್ಲಿ, ಯುರೋಪಿನಿಂದ ಜಪಾನಿನವರೆಗೆ ಮತ್ತು ಉತ್ತರ ಅಮೆರಿಕದಲ್ಲಿ ಹರಡಿಕೊಂಡಿರುವ ಒಂದು ಸಸ್ಯಕುಲ. ಕುಲವೆಂದರೆ ಒಂದೇ ಮೂಲದಿಂದ ಕವಲೊಡೆದ, ಪರಸ್ಪರ ಹತ್ತಿರದ ಸಂಬಂಧವುಳ್ಳ ಪ್ರಭೇದಗಳ ಗುಂಪು. ಈ ಕುಲದಲ್ಲಿ 250ರಿಂದ 300 ಪ್ರಭೇದಗಳಿವೆಯೆಂದು ಸಸ್ಯಶಾಸ್ತ್ರಜ್ಞರು ಎಣಿಸುತ್ತಾರೆ. ಭಾರತದ ಕಾಡು ಐರಿಸ್‌ಗಳ ನೆಲೆ ಹಿಮಾಲಯವಾದ್ದರಿಂದ ಕನ್ನಡ ನಾಡಿನ ಓದುಗರಿಗೆ ಈ ಹೂವು ಅಷ್ಟಾಗಿ ಪರಿಚಿತವಲ್ಲ. ಪಾಶ್ಚಾತ್ಯ ಉದ್ಯಾನಗಳಲ್ಲಿ ಇದರ ಕೃಷಿ ಎರಡು ಧಾರೆಗಳಲ್ಲಿ ಸಾಗಿ ಬಂದಿದೆ. ಮೊದಲನೆಯದು ಬಣ್ಣ ಮತ್ತು ಗಾತ್ರಕ್ಕಾಗಿ ಬೆರಕೆ ಮಾಡಿ ಪಡೆದ ಸಾವಿರಾರು ಉದ್ಯಾನ ತಳಿಗಳದು. ಎರಡನೆಯದು ಕಾಡಿನಲ್ಲಿರುವ ಪ್ರಭೇದಗಳನ್ನು, ಅದರಲ್ಲೂ ಅಪರೂಪವಾದವುಗಳನ್ನು, ಇದ್ದಂತೆಯೇ ಮನೆತೋಟದಲ್ಲಿ ಬೆಳೆದು, ಅವುಗಳಿಗೆ ಕೈಯಿಂದ ಪರಾಗಸ್ಪರ್ಶ ಮಾಡಿ ಬೀಜ ಪಡೆಯುವವರದು. ಎರಡನೆಯ ಧಾರೆಯಲ್ಲಿದ್ದವರ ಸಂಖ್ಯೆ ಕಡಿಮೆಯಾದರೂ ಈ ಕುಲದ ಬಗ್ಗೆ ವಿಜ್ಞಾನಕ್ಕೆ ಇಂದು ಗೊತ್ತಿರುವುದರಲ್ಲಿ ಬಹಳಷ್ಟು ಅವರ ಹಿತ್ತಿಲುಗಳಿಂದ ಬಂದಿದೆ. ಅದೇ ಹಿತ್ತಿಲುಗಳಲ್ಲಿ ಪ್ರಭೇದಗಳ ಗುರುತು ಕಲಸಿಹೋದದ್ದೂ ಉಂಟು. ಈ ಎರಡು ಸಂಗತಿಗಳನ್ನು ಒಟ್ಟಿಗಿಟ್ಟು ನೋಡಿದಾಗ ಮಾತ್ರ ಈ ಚರಿತ್ರೆ ಪೂರ್ತಿಯಾಗಿ ಅರ್ಥವಾಗುತ್ತದೆ.

ಇದಕ್ಕೆ ಮೊದಲು ಹೂವಿನ ರಚನೆಯನ್ನು ತಿಳಿಯಬೇಕು. ಐರಿಸ್ ಹೂವಿನಲ್ಲಿ ಆರು ಎಸಳುಗಳಿದ್ದು, ಅವುಗಳಲ್ಲಿ ಮೂರು ನೆಟ್ಟಗೆ ಮೇಲೆದ್ದಿರುತ್ತವೆ, ಮೂರು ಹೊರಕ್ಕೆ ಬಾಗಿ ಇಳಿಬಿದ್ದಿರುತ್ತವೆ. ಹೆಣ್ಣು ಭಾಗದ ಕಂಬವಾದ ಶಲಾಕೆಯು ಮೇಲೆ ಮೂರಾಗಿ ಕವಲೊಡೆದು, ಪ್ರತಿಯೊಂದು ಕವಲೂ ಎಸಳಿನಂತೆ ಅಗಲವಾಗಿ ಚಾಚಿಕೊಂಡು, ಇಳಿಬಿದ್ದ ಒಂದೊಂದು ಎಸಳಿನ ಮೇಲೆ ಮಾಡಿನಂತೆ ಬಾಗಿರುತ್ತದೆ. ಹೀಗೆ ಎಸಳು ಮತ್ತು ಶಲಾಕೆಯ ಕವಲಿನ ನಡುವೆ ಏರ್ಪಡುವ ಸುರಂಗದಲ್ಲಿ, ಕವಲಿನ ಅಡಿಗೆ ಒತ್ತಿಕೊಂಡಂತೆ, ಪರಾಗವನ್ನು ಹೊತ್ತ ಕೇಸರವೊಂದು ಅಡಗಿರುತ್ತದೆ. ಸುರಂಗದ ಬಾಯಿಯ ಬಳಿ, ಕವಲಿನ ಕೆಳಮೈಯಲ್ಲಿ ಒಂದು ಸಣ್ಣ ತುಟಿ ಇದೆ; ಪರಾಗವನ್ನು ಸ್ವೀಕರಿಸುವ ಶಲಾಕಾಗ್ರ ಇದೇ, ಅದೂ ಈ ತುಟಿಯ ಮೇಲ್ಮೈ ಮಾತ್ರ. ಮಕರಂದವನ್ನು ಅರಸಿ ಒಳಹೋಗುವ ದುಂಬಿ ಬೇರೆ ಹೂವಿನಿಂದ ಬೆನ್ನ ಮೇಲೆ ಹೊತ್ತು ತಂದ ಪರಾಗವನ್ನು ಮೊದಲು ಆ ತುಟಿಗೆ ಸವರಿ, ಆಮೇಲೆ ಒಳಗಿನ ಕೇಸರಕ್ಕೆ ಬೆನ್ನು ತಾಗಿಸಿ ಹೊಸ ಪರಾಗವನ್ನು ಪಡೆಯುತ್ತದೆ. ಅದು ಹಿಂದಕ್ಕೆ ಬರುವಾಗ ತುಟಿ ಮೇಲಕ್ಕೆ ಮಡಚಿಕೊಳ್ಳುವುದರಿಂದ ಅದೇ ಹೂವಿನ ಪರಾಗ ಅಲ್ಲಿ ಅಂಟುವ ಸಂಭವ ಕಡಿಮೆ. ಹೀಗಾಗಿ ಒಂದು ಐರಿಸ್ ಹೂವು ಪರಾಗಸ್ಪರ್ಶದ ಲೆಕ್ಕದಲ್ಲಿ ಮೂರು ಹೂವುಗಳಿಗೆ ಸಮ.

ಈ ಕುಲದ ಗಿಡಗಳನ್ನು ಕುತೂಹಲದಿಂದ ಬೆಳೆದವರಲ್ಲಿ ದಾಖಲೆ ಉಳಿಸಿಹೋದ ಮೊದಲಿಗರ ಪೈಕಿ ಫ್ರೆಂಚ್-ಫ್ಲೆಮಿಶ್ ಗಡಿನಾಡಿನ ಅರಾಸ್ ಪಟ್ಟಣದಲ್ಲಿ 1526ರಲ್ಲಿ ಹುಟ್ಟಿದ ಕರೋಲಸ್ ಕ್ಲೂಸಿಯಸ್ ಪ್ರಮುಖನು. ಆತ 1573ರಲ್ಲಿ ವಿಯೆನ್ನಾದ ಚಕ್ರವರ್ತಿಯ ಉದ್ಯಾನಕ್ಕೆ ಬಂದನು. ಆ ಕಾಲದಲ್ಲಿ ಆಟೊಮನ್ ರಾಜಧಾನಿಯೊಡನೆ ಇದ್ದ ರಾಯಭಾರದ ದಾರಿಯಲ್ಲಿ ಟ್ಯುಲಿಪ್ ಮೊದಲಾದ ಗೆಡ್ಡೆಹೂಗಳು ಪಶ್ಚಿಮಕ್ಕೆ ಹರಿದುಬರುತ್ತಿದ್ದವು. ಅದೇ ದಾರಿಯಲ್ಲಿ, 1573ರ ಸುಮಾರಿಗೆ, ಬೂದುಬಣ್ಣದ ನೆಲದ ಮೇಲೆ ಕಡುಗಪ್ಪು ಗೆರೆ ಚುಕ್ಕೆಗಳ ದೊಡ್ಡ ಹೂವಿನ ಐರಿಸ್ ಸೂಸಿಯಾನಾ ಕಾನ್‌ಸ್ಟಾಂಟಿನೋಪಲ್‌ನಿಂದ ವಿಯೆನ್ನಾ ತಲುಪಿತು. ಆಮೇಲೆ ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದ ಸಸ್ಯೋದ್ಯಾನವನ್ನು ಕಟ್ಟಿದ ಕ್ಲೂಸಿಯಸ್ 1601ರಲ್ಲಿ ಪ್ರಕಟಿಸಿದ ಅಪರೂಪದ ಸಸ್ಯಗಳ ಚರಿತ್ರೆಯಲ್ಲಿ, ಬೀಜದಿಂದ ಬೆಳೆದ ಐರಿಸ್‌ಗಳು ತಾಯಿಗಿಡವನ್ನು ಹೋಲದೆ ಅಚ್ಚರಿಯಾಗುವಷ್ಟು ಬಗೆಬಗೆಯ ಬಣ್ಣ ತಾಳುತ್ತವೆಂಬುದನ್ನು ತನ್ನ ಬಹುಕಾಲದ ಅನುಭವದ ಮೇಲೆ ಬರೆದನು. ಹಾಗೆ ಏಕಾಗುತ್ತದೆಂದು ವಿವರಿಸಲು ಆಗಿನ ಕಾಲಕ್ಕೆ ಸಾಧ್ಯವಿರಲಿಲ್ಲ. ಸಸ್ಯಗಳಿಗೂ ಗಂಡು ಹೆಣ್ಣೆಂಬ ಭೇದವಿದೆ ಎಂಬುದನ್ನು ಪ್ರಯೋಗದಿಂದ ತೋರಿಸಿದ್ದು 17ನೇ ಶತಮಾನದ ಕೊನೆಯಲ್ಲಿ. ತೋಟದಲ್ಲಿ ಒತ್ತೊತ್ತಾಗಿ ನೆಟ್ಟ ಗಿಡಗಳ ನಡುವೆ ಜೇನು ದುಂಬಿಗಳು ಪರಾಗವನ್ನು ಬೆರೆಸುತ್ತಿದ್ದವೆಂಬುದನ್ನು ಕ್ಲೂಸಿಯಸ್ ಅರಿಯದಿದ್ದರೂ ಅದರ ಫಲವನ್ನು ಮೊದಲು ಗಮನಿಸಿ ಬರೆದಿಟ್ಟವರಲ್ಲಿ ಆತನೊಬ್ಬ.

ಕಾರಣವನ್ನು ಕಂಡುಕೊಂಡ ಕೆಲಸ ಜರ್ಮನಿಯಲ್ಲಿ ನಡೆಯಿತು. ಸಸ್ಯಸಂಕರಣದ ಪ್ರಯೋಗಗಳಿಗೆ ಹೆಸರಾದ ಯೋಸೆಫ್ ಕ್ಯೋಲ್ರಾಯ್ಟರ್ 1761ರಲ್ಲಿಯೇ ಐರಿಸ್ ಮೊದಲಾದ ಹೂಗಳಿಗೆ ಕೀಟಗಳ ನೆರವು ಬೇಕೆಂದು ಬರೆದಿದ್ದನು. ಆದರೆ ಇಡೀ ಹೂವಿನ ರಚನೆಯನ್ನೇ ಕೀಟದ ಭೇಟಿಗೆ ತಕ್ಕ ಏರ್ಪಾಡೆಂದು ಓದಿದವನು ಬರ್ಲಿನ್ ಬಳಿಯ ಸ್ಪಾಂಡೌ ಪಟ್ಟಣದ ಶಾಲಾ ಮುಖ್ಯಸ್ಥ ಕ್ರಿಸ್ಟಿಯಾನ್ ಕೊನ್ರಾಡ್ ಸ್ಪ್ರೆಂಗೆಲ್. ಆತ 1787ರಲ್ಲಿ ಕಾಡು ಜೆರೇನಿಯಮ್ ಹೂವಿನಿಂದ ಆರಂಭಿಸಿ, 1789ರ ಬೇಸಿಗೆಯಲ್ಲಿ ಕೆಲವು ಐರಿಸ್ ಪ್ರಭೇದಗಳನ್ನು ಪರೀಕ್ಷಿಸಿ, ಈ ಹೂಗಳ ಶಲಾಕಾಗ್ರ ಮತ್ತು ಮಕರಂದ ಗ್ರಂಥಿ ಎಲ್ಲಿವೆ ಎಂಬ ವಿಷಯದಲ್ಲಿ ಸಸ್ಯಗಳ ವರ್ಗೀಕರಣಕ್ಕೆ ಹೆಸರಾದ ಲಿನೇಯಸ್ ಕೂಡ ತಪ್ಪಿದ್ದಾನೆಂದು ಕಂಡುಕೊಂಡನು. ಮಕರಂದವು ಮಳೆಹನಿಯಿಂದ ರಕ್ಷಿತವಾಗಿದೆ, ಎಸಳಿನ ಮೇಲಿನ ಬಣ್ಣದ ಗುರುತು ಕೀಟಕ್ಕೆ ದಾರಿ ತೋರಿಸುತ್ತದೆ, ಕೀಟವಿಲ್ಲದೆ ಈ ಹೂವು ಬೀಜ ಕಟ್ಟುವುದು ಸಾಧ್ಯವೇ ಇಲ್ಲ ಎಂಬ ಮೂರು ನಿರ್ಣಯಗಳಿಗೆ ಬಂದನು. ಹೂವು ಮತ್ತು ಕೀಟಗಳ ಸಂಬಂಧದ ಬಗ್ಗೆ ಆತನ ಗ್ರಂಥ 1793ರಲ್ಲಿ ಹೊರಬಂದಾಗ ವಿದ್ವಾಂಸರು ಅದನ್ನು ಬಹುಮಟ್ಟಿಗೆ ಕಡೆಗಣಿಸಿದರು. ಮರುವರ್ಷ ಆತ ಶಾಲೆಯ ಹುದ್ದೆಯಿಂದ ಇಳಿಯಬೇಕಾಯಿತು. 1841ರಲ್ಲಿ ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನ್‌ನ ಸಲಹೆಯಂತೆ ಚಾರ್ಲ್ಸ್ ಡಾರ್ವಿನ್ ಆ ಗ್ರಂಥವನ್ನು ಓದಿದ ಮೇಲೆಯೇ ಅದಕ್ಕೆ ತಕ್ಕ ಮನ್ನಣೆ ದೊರೆಯತೊಡಗಿತು. ಐರಿಸ್ ಬೆಳೆಗಾರರ ಮಟ್ಟಿಗೆ ಸ್ಪ್ರೆಂಗೆಲ್‌ನ ಶೋಧದಿಂದ ಆದ ಪ್ರಯೋಜನ ದೊಡ್ಡದು: ದುಂಬಿಯ ಕೆಲಸ ಏನೆಂದು ನಿಖರವಾಗಿ ತಿಳಿದ ಮೇಲೆ ಅದನ್ನು ಮನುಷ್ಯನೂ ಮಾಡಬಹುದಾಯಿತು.

ಆ ಕೆಲಸದ ವಿಧಾನ 19ನೇ ಶತಮಾನದಿಂದ ಇಂದಿನವರೆಗೆ ಹೆಚ್ಚು ಬದಲಾಗಿಲ್ಲ. ಮರುದಿನ ಅರಳಲಿರುವ ಮೊಗ್ಗನ್ನು ಆರಿಸಿ, ಅದರ ಎಸಳುಗಳನ್ನು ಬಿಡಿಸಿ, ಪರಾಗಕೋಶಗಳು ಒಡೆಯುವುದಕ್ಕೆ ಮುಂಚೆಯೇ ಮೂರು ಕೇಸರಗಳನ್ನೂ ಚಿಮುಟದಿಂದ ಕಿತ್ತು ತೆಗೆಯುತ್ತಾರೆ. ಇಳಿಬಿದ್ದ ಎಸಳುಗಳನ್ನು ಪೂರ್ತಿ ಹರಿದುಹಾಕಿದರೆ ದುಂಬಿಗೆ ಕಾಲೂರಲು ಜಾಗವೂ ಉಳಿಯುವುದಿಲ್ಲ, ಆಕರ್ಷಣೆಯೂ ಉಳಿಯುವುದಿಲ್ಲ. ಶಲಾಕೆಯ ಕವಲಿನ ತುಟಿ ಬಿರಿದು ಬಾಗಿದಾಗ, ತಂದೆಗಿಡದಿಂದ ತಂದ ಕೇಸರವನ್ನು ಚಿಮುಟದಲ್ಲಿ ಹಿಡಿದು, ಅಥವಾ ಸಣ್ಣ ಕುಂಚದಲ್ಲಿ ಪರಾಗವನ್ನು ತೆಗೆದುಕೊಂಡು, ತುಟಿಯ ಮೇಲ್ಮೈಗೆ ಹಗುರವಾಗಿ ಸವರುತ್ತಾರೆ. ನಂತರ ಹೂವಿನ ಬುಡಕ್ಕೆ ಚೀಟಿ ಕಟ್ಟಿ, ಮೊದಲು ತಾಯಿಯ ಹೆಸರು, ಗುಣಾಕಾರ ಚಿಹ್ನೆ, ಆಮೇಲೆ ತಂದೆಯ ಹೆಸರು, ದಿನಾಂಕ ಬರೆಯುವುದು ವಾಡಿಕೆ. ಪರಾಗ ಕೂಡಿಬಂದರೆ ಹೂವಿನ ಬುಡದಲ್ಲಿರುವ ಅಂಡಾಶಯ ಕೆಲವೇ ದಿನಗಳಲ್ಲಿ ದಪ್ಪಗಾಗಿ, ಎರಡು ಮೂರು ತಿಂಗಳಲ್ಲಿ ಕಾಯಿ ಬಲಿತು, ತುದಿಯಿಂದ ಕಂದುಬಣ್ಣಕ್ಕೆ ತಿರುಗಿ ಬಿರಿಯುತ್ತದೆ. ಬೀಜವನ್ನು ಚಳಿಗಾಲಕ್ಕೆ ಮುಂಚೆ ಬಿತ್ತಿದರೆ ಅನೇಕ ಪ್ರಭೇದಗಳು ಚಳಿಯನ್ನು ಕಳೆದು ವಸಂತದಲ್ಲಿ ಮೊಳೆಯುತ್ತವೆ. ಕೆಲವು ವರ್ಷಗಟ್ಟಲೆ ಮಣ್ಣಿನಲ್ಲಿ ಸುಮ್ಮನಿರುತ್ತವೆ. ಮೊಳೆತ ಗಿಡ ಹೂಬಿಡಲು ಎರಡು ಮೂರು ವರ್ಷ ಬೇಕಾಗುವುದರಿಂದ, ಒಂದು ಪ್ರಶ್ನೆ ಕೇಳಿ ಉತ್ತರ ಪಡೆಯುವಷ್ಟರಲ್ಲಿ ಬೆಳೆಗಾರನ ಆಯುಷ್ಯದ ನಾಲ್ಕಾರು ವರ್ಷಗಳು ಸಂದಿರುತ್ತವೆ.

ಅಷ್ಟು ತಾಳ್ಮೆಯಿಂದ ಇಂತಹ ಪ್ರಶ್ನೆಗಳನ್ನು ಸಾಲಾಗಿ ಕೇಳಿದ ಮೊದಲ ದೊಡ್ಡ ಹೆಸರು ಸರ್ ಮೈಕೆಲ್ ಫಾಸ್ಟರ್ (1836–1907). ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ 1883ರಿಂದ 1903ರವರೆಗೆ ಶರೀರಕ್ರಿಯಾ ವಿಜ್ಞಾನದ ಪ್ರಾಧ್ಯಾಪಕರಾಗಿದ್ದ, ಅದೇ ಕಾಲದಲ್ಲಿ ಎರಡು ದಶಕಗಳಿಗೂ ಹೆಚ್ಚು ಅವಧಿಗೆ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಫಾಸ್ಟರ್ ಅವರಿಗೆ ಸಸ್ಯಶಾಸ್ತ್ರ ವೃತ್ತಿಯಾಗಿರಲಿಲ್ಲ. ಕೇಂಬ್ರಿಡ್ಜ್ ಸಮೀಪದ ಗ್ರೇಟ್ ಶೆಲ್ಫರ್ಡ್‌ನ ಸುಣ್ಣಕಲ್ಲಿನ ದಿಬ್ಬದ ಮೇಲಿದ್ದ ಅವರ ಮನೆಯ ತೋಟ, ನೀರು ನಿಲ್ಲದ ಒಣನೆಲವಾದ್ದರಿಂದ, ಪಶ್ಚಿಮ ಏಷ್ಯಾದ ಐರಿಸ್‌ಗಳಿಗೆ ಇಂಗ್ಲೆಂಡಿನ ಮಟ್ಟಿಗೆ ಒಗ್ಗುವ ಜಾಗವಾಗಿತ್ತು. ಅಲ್ಲಿಗೆ ಗೆಡ್ಡೆ ಮತ್ತು ಬೀಜಗಳನ್ನು ಕಳಿಸುತ್ತಿದ್ದವರು ಪ್ರವಾಸಿಗಳು, ಅಧಿಕಾರಿಗಳು ಮತ್ತು ಮಿಷನರಿಗಳು. ಆಗ್ನೇಯ ತುರ್ಕಿಯ ಮಾರ್ದಿನ್‌ನಲ್ಲಿದ್ದ ಅಮೆರಿಕನ್ ಮಿಷನರಿ ಗೇಟ್ಸ್ ಅವರ ಗೌರವಾರ್ಥ ಫಾಸ್ಟರ್ 1890ರಲ್ಲಿ ಐರಿಸ್ ಗೇಟ್ಸಿಯಿ ಎಂಬ ಹೆಸರಿಟ್ಟರು. ಈ ಕುಲದಲ್ಲೇ ಅತಿದೊಡ್ಡ ಹೂವುಗಳಲ್ಲಿ ಒಂದು ಇದರದು. ಭಾರತದೊಡನೆಯೂ ಆ ತೋಟಕ್ಕೆ ನೇರ ಸಂಬಂಧವಿತ್ತು. ಕುಲು ಕಣಿವೆಯಿಂದ ಬಂದ ಬೀಜದಿಂದ ಇಂಗ್ಲಿಷ್ ಚಿತ್ರಕಾರ ಫ್ರಾಂಕ್ ಮೈಲ್ಸ್ ಬೆಳೆಸಿದ ಗಿಡ ಐರಿಸ್ ಮೈಲ್ಸಿಯಿ ಎಂಬ ಹೆಸರಿನಲ್ಲಿ 1883ರಲ್ಲಿ ಪ್ರಕಟವಾಯಿತು, ಹಿಮಾಲಯದ ಮತ್ತೊಂದು ಪ್ರಭೇದಕ್ಕೆ ಫಾಸ್ಟರ್ ಸಸ್ಯಶಾಸ್ತ್ರಜ್ಞ ಜೋಸೆಫ್ ಹುಕರ್ ಹೆಸರಿನಿಂದ ಐರಿಸ್ ಹುಕೆರಿಯಾನಾ ಎಂದು ನಾಮಕರಣ ಮಾಡಿದರು.

ಫಾಸ್ಟರ್ ತಮಗೆ ಬಂದ ಗಿಡಗಳನ್ನು ಬೆಳೆದು ಹೆಸರಿಟ್ಟು ಸುಮ್ಮನಾಗಲಿಲ್ಲ; ಒಂದರ ಪರಾಗವನ್ನು ಇನ್ನೊಂದಕ್ಕೆ ಹಾಕಿ, ಯಾವುದು ಯಾವುದರೊಡನೆ ಬೀಜ ಕಟ್ಟುತ್ತದೆ, ಯಾವುದು ಕಟ್ಟುವುದಿಲ್ಲ, ಮಕ್ಕಳಲ್ಲಿ ಯಾವ ಗುಣ ಮೇಲಾಗುತ್ತದೆ ಎಂಬುದನ್ನು ಬರೆದಿಡುತ್ತ ಬಂದರು. ತುರ್ಕಿಯ ಅಮಾಸ್ಯ ಪಟ್ಟಣದಿಂದ 1880ರ ದಶಕದಲ್ಲಿ ಅವರಿಗೆ ಬಂದ, 'ಅಮಾಸ್' ಎಂದೇ ಹೆಸರಾದ ದೊಡ್ಡ ಹೂವಿನ ಐರಿಸ್ ಮತ್ತು ಪೂರ್ವ ಮೆಡಿಟರೇನಿಯನ್ ಪ್ರದೇಶದ ಅಂಥವೇ ಎತ್ತರದ ಗಿಡಗಳು ಮುಂದೆ ಇಡೀ ಉದ್ಯಾನ ಐರಿಸ್‌ನ ಸ್ವರೂಪವನ್ನೇ ಬದಲಾಯಿಸಿದವು. ಯುರೋಪಿನ ಹಳೆಯ ತೋಟದ ಗಿಡಗಳ ಜೀವಕೋಶಗಳಲ್ಲಿ ಸಾಮಾನ್ಯವಾಗಿ 24 ವರ್ಣತಂತುಗಳು, ಅಂದರೆ ಆನುವಂಶಿಕ ಗುಣಗಳನ್ನು ಹೊತ್ತ ಎಳೆಗಳು, ಇದ್ದರೆ ಈ ಪೂರ್ವದ ಗಿಡಗಳಲ್ಲಿ 48 ಇದ್ದವು. ಇವೆರಡನ್ನು ಬೆರೆಸಿದಾಗ ಬೀಜ ಏಕೆ ವಿರಳವಾಗುತ್ತದೆ ಎಂಬುದಕ್ಕೆ ಕಾರಣ 1920–30ರ ದಶಕಗಳಲ್ಲಿ ವರ್ಣತಂತುಗಳನ್ನು ಎಣಿಸಿದ ಮೇಲೆ ಸ್ಪಷ್ಟವಾಯಿತು. ಫಾಸ್ಟರ್‌ಗೆ ಆ ಲೆಕ್ಕ ತಿಳಿಯುವಂತಿರಲಿಲ್ಲ. ಗೆಡ್ಡೆಯುಳ್ಳ ಐರಿಸ್‌ಗಳ ಬಗ್ಗೆ 1892ರಲ್ಲಿ ಅವರು ಬರೆದ ಪುಸ್ತಿಕೆಯನ್ನು ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಪ್ರಕಟಿಸಿತು. ಇಡೀ ಕುಲದ ಬಗ್ಗೆ ಅವರು ಕೂಡಿಹಾಕಿದ ಟಿಪ್ಪಣಿಗಳು ಮಾತ್ರ ಗ್ರಂಥವಾಗದೆ ಉಳಿದವು.

ಫಾಸ್ಟರ್ ಮತ್ತು ಅವರ ಸಮಕಾಲೀನರನ್ನು ಹೆಚ್ಚು ಸೆಳೆದದ್ದು, ಹೆಚ್ಚು ಕಾಡಿದ್ದೂ, ಆಂಕೊಸೈಕ್ಲಸ್ ಎಂಬ ಉಪಗುಂಪು. ಕಾಕಸಸ್‌ನಿಂದ ಇರಾನ್, ತುರ್ಕಿ, ಸಿರಿಯಾ, ಲೆಬನಾನ್, ಜೋರ್ಡಾನ್, ಇಸ್ರೇಲ್‌ಗಳವರೆಗಿನ ಒಣ ಬಯಲು ಗುಡ್ಡಗಳಲ್ಲಿ ಬೆಳೆಯುವ ಈ ಗುಂಪಿನಲ್ಲಿ ಕಾಂಡಕ್ಕೆ ಒಂದೇ ಹೂವು. ಜೋರ್ಡಾನಿನ ರಾಷ್ಟ್ರಪುಷ್ಪವಾದ ಕಪ್ಪು ಐರಿಸ್ ಇದಕ್ಕೆ ಸೇರಿದ್ದು, ಕ್ಲೂಸಿಯಸ್‌ನ ಕಾಲದ ಸೂಸಿಯಾನಾ ಕೂಡ ಇದೇ ಬಳಗದ್ದು. ಚಳಿಗಾಲದಲ್ಲಿ ಮಳೆ, ಬೇಸಿಗೆಯಲ್ಲಿ ಒಂದು ಹನಿಯೂ ಇಲ್ಲದ ಬಿಸಿಲು ಎಂಬ ಋತುಚಕ್ರಕ್ಕೆ ಹೊಂದಿಕೊಂಡ ಇವುಗಳ ಬೇರುಕಾಂಡ, ಅಂದರೆ ನೆಲದೊಳಗೆ ಅಡ್ಡಲಾಗಿ ಹಬ್ಬುವ ದಪ್ಪ ಕಾಂಡ, ಇಂಗ್ಲೆಂಡಿನ ಬೇಸಿಗೆ ಮಳೆಗೆ ಕೊಳೆಯುತ್ತಿತ್ತು. ಆದ್ದರಿಂದ ಬೆಳೆಗಾರರು ಹೂ ಮುಗಿದ ಮೇಲೆ ಗಾಜಿನ ಚೌಕಟ್ಟನ್ನು ಮುಚ್ಚಿ ನೆಲವನ್ನು ಒಣಗಿಸುತ್ತಿದ್ದರು, ಇಲ್ಲವೇ ಬೇರುಕಾಂಡವನ್ನೇ ಕಿತ್ತು ಒಣಮರಳಿನಲ್ಲಿಟ್ಟು ಬೇಸಿಗೆ ಕಳೆದ ಮೇಲೆ ಮತ್ತೆ ನೆಡುತ್ತಿದ್ದರು.

ಈ ಗುಂಪಿನ ಪರಾಗಸ್ಪರ್ಶದ ರೀತಿಯೂ ವಿಚಿತ್ರವಾದದ್ದು. ಇವುಗಳ ಹೂವಿನಲ್ಲಿ ಮಕರಂದವಿಲ್ಲ. 21ನೇ ಶತಮಾನದ ಆರಂಭದಲ್ಲಿ ಇಸ್ರೇಲಿನ ಸಂಶೋಧಕರು ತೋರಿಸಿದಂತೆ, ಯೂಸೆರಾ ಎಂಬ ಒಂಟಿ ಜೇನಿನ ಗಂಡುಗಳು ಸಂಜೆ ಹೊತ್ತಿನಲ್ಲಿ ತಂಗಲು ಜಾಗ ಹುಡುಕುತ್ತ ಹೂವಿನ ಕತ್ತಲೆ ಸುರಂಗವನ್ನು ಹೊಕ್ಕು, ರಾತ್ರಿ ಅಲ್ಲೇ ಮಲಗಿ, ಬೆಳಿಗ್ಗೆ ಹೊರಹೋಗುತ್ತವೆ. ತಂಗುವ ಮುನ್ನ ಒಂದೆರಡು ಹೂಗಳನ್ನು ಹೊಕ್ಕು ನೋಡುವುದರಿಂದ ಪರಾಗ ಒಂದರಿಂದ ಇನ್ನೊಂದಕ್ಕೆ ಸಾಗುತ್ತದೆ. ಇಂತಹ ನಿಕಟ ಏರ್ಪಾಡನ್ನು ನಂಬಿದ ಗಿಡ ತನ್ನ ನೆಲೆಯಿಂದ ಸಾವಿರಾರು ಮೈಲಿ ದೂರದ ಹಿತ್ತಿಲಿಗೆ ಬಂದಾಗ ಬೆಳೆಗಾರನ ಚಿಮುಟವೇ ಅದಕ್ಕೆ ಆಸರೆ. ಬೀಜ ಕಟ್ಟಿದ ಮೇಲೂ ತೊಡಕು ತೀರುವುದಿಲ್ಲ. ಬೀಜದ ಒಂದು ತುದಿಯಲ್ಲಿರುವ, ಏರಿಲ್ ಎಂದು ಕರೆಯಲಾಗುವ ಬಿಳಿಯ ತಿರುಳು ಕಾಡಿನಲ್ಲಿ ಇರುವೆಗಳನ್ನು ಸೆಳೆದು ಬೀಜಪ್ರಸಾರಕ್ಕೆ ನೆರವಾಗುತ್ತದೆ, ಆದರೆ ಬೀಜ ಮಾತ್ರ ಹಲವು ವರ್ಷಗಳ ಕಾಲ ಮೊಳೆಯದೆ ಉಳಿಯಬಲ್ಲದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಎಲ್. ಎಫ್. ರಾಂಡೋಲ್ಫ್ 1940ರ ದಶಕದಲ್ಲಿ, ಬೀಜದೊಳಗಿನ ಭ್ರೂಣವನ್ನು, ಅಂದರೆ ಎಳೆಗಿಡದ ಅಂಕುರವನ್ನು, ಸೂಕ್ಷ್ಮವಾಗಿ ಹೊರತೆಗೆದು ಪೋಷಕಾಂಶಗಳಿರುವ ಗಾಜಿನ ನಳಿಕೆಯಲ್ಲಿ ಬೆಳೆಸುವ ಕ್ರಮವನ್ನು ಐರಿಸ್‌ಗೆ ಅಳವಡಿಸಿದ ಮೇಲೆ ವರ್ಷಗಳ ಕಾಯುವಿಕೆ ವಾರಗಳಿಗೆ ಇಳಿಯಿತು. ಮನೆಯ ಅಡುಗೆಕೋಣೆಯಲ್ಲೇ ಈ ಕೆಲಸ ಮಾಡುವ ಹವ್ಯಾಸಿಗಳೂ ಹುಟ್ಟಿಕೊಂಡರು.

ಅಪರೂಪದ ಪ್ರಭೇದವೊಂದರ ಪರಾಗ ಎಷ್ಟು ದೂರ ಸಾಗಬಲ್ಲದೆಂಬುದಕ್ಕೆ ಗೇಟ್ಸಿಯಿಯ ಕಥೆಯೇ ನಿದರ್ಶನ. ಕ್ಯಾಲಿಫೋರ್ನಿಯಾದ ವಿಲಿಯಮ್ ಮೋರ್ ಎಂಬ ಹವ್ಯಾಸಿ ಅದರ ಪರಾಗವನ್ನು 'ಪ್ಯಾರಿಸಿಯಾನಾ' ಎಂಬ ಹಳೆಯ ಉದ್ಯಾನ ತಳಿಗೆ ಹಾಕಿ ಪಡೆದ ಗಿಡ, ಅವರ ಮರಣಾನಂತರ 1925ರಲ್ಲಿ ಅವರ ಹೆಸರಿನಿಂದಲೇ ಬಿಡುಗಡೆಯಾಯಿತು. ಆ ಗಿಡ ಬಹುಮಟ್ಟಿಗೆ ಬಂಜೆಯಾಗಿದ್ದರೂ ಅನೇಕ ಬೆಳೆಗಾರರು ವರ್ಷಗಟ್ಟಲೆ ಅದಕ್ಕೆ ಪರಾಗ ಹಾಕುತ್ತಲೇ ಹೋಗಿ ಅಲ್ಲೊಂದು ಇಲ್ಲೊಂದು ಬೀಜ ಪಡೆದರು. ಹಾಗೆ ಹುಟ್ಟಿದ 'ಎಲ್ಮೋರ್' 1945ರಲ್ಲಿ ಅಮೆರಿಕದ ಐರಿಸ್ ಲೋಕದ ಅತ್ಯುನ್ನತ ಗೌರವವಾದ ಡೈಕ್ಸ್ ಪದಕವನ್ನು ಪಡೆಯಿತು. ಇಂಡಿಯಾನಾ ರಾಜ್ಯದ ಬ್ಲಫ್ಟನ್‌ನಲ್ಲಿದ್ದ ಪಾಲ್ ಕುಕ್, ಬಾಲ್ಕನ್ ಪ್ರದೇಶದ ಪುಟ್ಟ ಐರಿಸ್ ರೈಕೆನ್‌ಬಾಖಿಯಿಯನ್ನು ಎತ್ತರದ ತಳಿಗಳೊಡನೆ ಬೆರೆಸಿ ಪಡೆದ, ನೋಟಕ್ಕೆ ಸಾಧಾರಣವಾದ ಒಂದು ಗಿಡವನ್ನು 1951ರಲ್ಲಿ 'ಪ್ರೊಜೆನಿಟರ್' ಎಂದು ಹೆಸರಿಸಿದರು. ಮೇಲಿನ ಎಸಳಿನ ಬಣ್ಣವನ್ನಷ್ಟೇ ಅಳಿಸುವ ಅದರ ಗುಣ ಮುಂದಿನ ತಲೆಮಾರುಗಳಿಗೆ ಇಳಿದು, ಬಿಳಿ ನೀಲಿ ಎರಡು ಬಣ್ಣದ 'ಹೋಲ್ ಕ್ಲಾತ್' 1962ರಲ್ಲಿ ಅದೇ ಪದಕ ಗಳಿಸಿತು.

ಆ ಪದಕ ಯಾರ ಹೆಸರಿನಲ್ಲಿದೆಯೋ ಆ ವಿಲಿಯಮ್ ರಿಕಟ್ಸನ್ ಡೈಕ್ಸ್ (1877–1925) ಈ ಚರಿತ್ರೆಯ ಕೇಂದ್ರವ್ಯಕ್ತಿ. ಇಂಗ್ಲೆಂಡಿನ ಗೊಡಾಲ್ಮಿಂಗ್ ಬಳಿಯ ಚಾರ್ಟರ್‌ಹೌಸ್ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದ ಅವರು ಓದಿದ್ದು ಪ್ರಾಚೀನ ಭಾಷೆಗಳನ್ನು. ಫಾಸ್ಟರ್ ಬಿಟ್ಟುಹೋದ ಟಿಪ್ಪಣಿಗಳು ಅವರ ಬಳಕೆಗೆ ದೊರೆತವು. ಅದಕ್ಕೆ ತಮ್ಮ ಸ್ವಂತ ಬೆಳೆಯ ಅನುಭವವನ್ನು ಸೇರಿಸಿ 1913ರಲ್ಲಿ ಅವರು ಪ್ರಕಟಿಸಿದ ಐರಿಸ್ ಕುಲದ ಬೃಹತ್ ಗ್ರಂಥಕ್ಕೆ ಎಫ್. ಎಚ್. ರೌಂಡ್ 47 ವರ್ಣಚಿತ್ರಗಳನ್ನು ಬರೆದರು, ಇನ್ನೊಂದು ವರ್ಣಪುಟ ಬೀಜಗಳ ಚಿತ್ರಗಳಿಗೇ ಮೀಸಲಾಗಿತ್ತು. ಬೀಜಕ್ಕೊಂದು ಇಡೀ ಪುಟ ಕೊಟ್ಟದ್ದರಲ್ಲಿ ಡೈಕ್ಸ್ ಅವರ ಕ್ರಮ ಕಾಣುತ್ತದೆ. ಒಣಗಿಸಿ ಒತ್ತಿದ ಐರಿಸ್ ಹೂವು ಬಣ್ಣ ಆಕಾರಗಳೆರಡನ್ನೂ ಕಳೆದುಕೊಳ್ಳುವುದರಿಂದ, ಸಂಗ್ರಹಾಲಯದ ಹಾಳೆಯ ಮೇಲಿನ ಒಂದೇ ಮಾದರಿಯನ್ನು ನೋಡಿ ಹೊಸ ಪ್ರಭೇದವನ್ನು ಘೋಷಿಸುವುದು ಅಪಾಯಕರವೆಂದು ಅವರು ಬಗೆದಿದ್ದರು; ಕಾಡಿನಿಂದ ಬೀಜ ತರಿಸಿ, ಬಿತ್ತಿ, ಸಾಲುಸಾಲಾಗಿ ಬೆಳೆದು, ಒಂದೇ ಪ್ರಭೇದದೊಳಗೆ ಎಷ್ಟು ವ್ಯತ್ಯಾಸವಿರುತ್ತದೆ ಎಂಬುದನ್ನು ಮೊದಲು ಕಂಡುಕೊಂಡು, ಆಮೇಲೆ ಹೆಸರನ್ನು ನಿರ್ಧರಿಸಬೇಕೆಂಬುದು ಅವರ ಪದ್ಧತಿ. ಪ್ರಭೇದವೆಂದು ಹೇಳಲಾದ ಗಿಡದ ಬೀಜದಿಂದ ಅಂಥದೇ ಗಿಡಗಳು ಬಂದರೆ ಹೆಸರು ನಿಲ್ಲುತ್ತದೆ, ಮಕ್ಕಳು ಹತ್ತು ಬಗೆಯಾದರೆ ತಾಯಿಯೇ ಬೆರಕೆ. ಈ ಸರಳ ಪರೀಕ್ಷೆಗೆ ಬೇಕಾಗಿದ್ದುದು ಒಂದಿಷ್ಟು ನೆಲ, ದುಂಬಿಯಿಂದ ಕಾಪಾಡಿದ ಹೂವು ಮತ್ತು ಕೆಲವು ವರ್ಷ. ಡೈಕ್ಸ್ 1920ರಲ್ಲಿ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಕಾರ್ಯದರ್ಶಿಯಾಗಿ, 1925ರ ಡಿಸೆಂಬರಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಅವರ ಪದ್ಧತಿಯ ಮಿತಿಯೂ ಅವರ ಕಾಲದಲ್ಲೇ ಗೋಚರಿಸಿತು. ಚೀನಾದ ನೈರುತ್ಯ ಪರ್ವತಗಳಲ್ಲಿ ಅರ್ನೆಸ್ಟ್ ವಿಲ್ಸನ್, ಜಾರ್ಜ್ ಫಾರೆಸ್ಟ್ ಮೊದಲಾದ ಸಂಗ್ರಾಹಕರು ಕೂಡಿಸಿದ ಬೀಜಗಳು 20ನೇ ಶತಮಾನದ ಮೊದಲ ದಶಕಗಳಲ್ಲಿ ಇಂಗ್ಲೆಂಡಿಗೆ ಬಂದಾಗ, ಕಡುನೇರಳೆ ಎಸಳಿನ ಮೇಲೆ ಹೊಂಬಣ್ಣದ ಗೆರೆಗಳ ಐರಿಸ್ ಕ್ರಿಸೊಗ್ರಾಫಿಸ್ ಮತ್ತು ಹಳದಿಯ ಐರಿಸ್ ಫಾರೆಸ್ಟಿಯಿಗಳಿಗೆ ಡೈಕ್ಸ್ ಅವರೇ ಹೆಸರಿಟ್ಟರು. ಇವೆರಡೂ ಸೇರಿದ ಗುಂಪಿನ ಪ್ರಭೇದಗಳೆಲ್ಲ 40 ವರ್ಣತಂತುಗಳುಳ್ಳವು. ಪಕ್ಕಪಕ್ಕದಲ್ಲಿ ನೆಟ್ಟರೆ ಸಲೀಸಾಗಿ ಒಂದರೊಡನೊಂದು ಬೆರೆಯುತ್ತವೆ, ಹುಟ್ಟಿದ ಮಕ್ಕಳೂ ಬೀಜ ಕಟ್ಟುತ್ತವೆ. ಚೆಷೈರ್‌ನ ನೆಸ್‌ನಲ್ಲಿ ತೋಟವಿದ್ದ ಬುಲ್ಲಿ ಎಂಬ ಸಸ್ಯಪ್ರಿಯರ ಹೆಸರಿನಲ್ಲಿ ಡೈಕ್ಸ್ 1910ರಲ್ಲಿ ವರ್ಣಿಸಿದ ಐರಿಸ್ ಬುಲ್ಲಿಯಾನಾ, ತೋಟದಲ್ಲಿ ಬೆಳೆದ ಗಿಡವನ್ನು ಆಧರಿಸಿದ್ದರಿಂದ, ಅದು ನಿಜವಾದ ಕಾಡುಪ್ರಭೇದವೋ ಬೆರಕೆಯೋ ಎಂಬ ವಾದ ದಶಕಗಳ ಕಾಲ ನಡೆಯಿತು. ತೋಟದ ಬೀಜವನ್ನು ಕ್ರಿಸೊಗ್ರಾಫಿಸ್ ಎಂಬ ಚೀಟಿಯೊಡನೆ ಕೈಯಿಂದ ಕೈಗೆ ದಾಟಿಸುತ್ತ ಹೋದಂತೆ ಆ ಹೆಸರಿನ ಗಿಡಗಳಲ್ಲಿ ಅನೇಕವು ಬೆರಕೆಗಳಾದವು.

ಬೆರಕೆ ತೋಟದಲ್ಲಿ ಮಾತ್ರ ನಡೆಯುತ್ತದೆ ಎಂಬ ಎಣಿಕೆಯನ್ನು ಅಮೆರಿಕದ ದಕ್ಷಿಣದ ಜೌಗು ನೆಲ ಸುಳ್ಳಾಗಿಸಿತು. ನ್ಯೂಯಾರ್ಕ್ ಸಸ್ಯೋದ್ಯಾನದ ಜಾನ್ ಕೆ. ಸ್ಮಾಲ್ 1920–30ರ ದಶಕಗಳಲ್ಲಿ ಲೂಯಿಸಿಯಾನಾದ ಐರಿಸ್‌ಗಳನ್ನು ಕಂಡು ಬೆರಗಾಗಿ, ಬಣ್ಣ ಬಣ್ಣಕ್ಕೂ ಹೆಸರಿಡುತ್ತ ಎಂಬತ್ತರಷ್ಟು ಪ್ರಭೇದಗಳನ್ನು ವರ್ಣಿಸಿದರು. ನ್ಯೂ ಆರ್ಲಿಯನ್ಸ್‌ನ ಜೀವವಿಜ್ಞಾನಿ ಪರ್ಸಿ ವಿಯೋಸ್ಕಾ 1935ರಲ್ಲಿ, ಇವುಗಳಲ್ಲಿ ನಿಜವಾದ ಪ್ರಭೇದಗಳು ಬೆರಳೆಣಿಕೆಯಷ್ಟೇ ಇದ್ದು ಉಳಿದವೆಲ್ಲ ಕಾಡು ಕಡಿದ, ಕಾಲುವೆ ತೋಡಿದ ಜಾಗಗಳಲ್ಲಿ ದುಂಬಿಗಳು ಬೆರೆಸಿದ ಸಂತತಿಯೆಂದು ವಾದಿಸಿದರು. ಮೇರಿ ಸ್ವೋರ್ಡ್ಸ್ ಡಿಬೈಯನ್ ಮತ್ತು ಕ್ಯಾರೊಲಿನ್ ಡಾರ್ಮನ್ ಅವರಂತಹ ಮಹಿಳೆಯರು, ಒಣಗಿಸಲಾಗುತ್ತಿದ್ದ ಆ ಜೌಗಿನಿಂದ ಗಿಡಗಳನ್ನು ತಂದು ತಮ್ಮ ತೋಟಗಳಲ್ಲಿ ಉಳಿಸಿ ಬೆಳೆಸಿದರು. ಸೇಂಟ್ ಲೂಯಿಸ್‌ನ ಮಿಸೌರಿ ಸಸ್ಯೋದ್ಯಾನದ ಎಡ್ಗರ್ ಆಂಡರ್ಸನ್ ಇದೇ ಲೂಯಿಸಿಯಾನಾ ಗಿಡಗಳನ್ನು ಉದಾಹರಣೆಯಾಗಿಟ್ಟುಕೊಂಡು, ಬೆರಕೆಯ ಮಕ್ಕಳು ಮತ್ತೆ ಮತ್ತೆ ಒಂದೇ ಪ್ರಭೇದದೊಡನೆ ಕೂಡುವುದರಿಂದ ಇನ್ನೊಂದರ ಗುಣ ಅದರೊಳಕ್ಕೆ ನಿಧಾನವಾಗಿ ಇಳಿದುಬರುತ್ತದೆ ಎಂಬ ಸಿದ್ಧಾಂತವನ್ನು 1949ರಲ್ಲಿ ಗ್ರಂಥವಾಗಿ ಮಂಡಿಸಿದರು. ಅದಕ್ಕೂ ಮುಂಚೆ, 1936ರಲ್ಲಿ, ಅವರು ಇನ್ನೊಂದು ಒಗಟನ್ನು ಬಿಡಿಸಿದ್ದರು. ಉತ್ತರ ಅಮೆರಿಕದ ಐರಿಸ್ ವರ್ಸಿಕಲರ್‌ನಲ್ಲಿ 108 ವರ್ಣತಂತುಗಳಿವೆ. ವರ್ಜಿನಿಕಾದಲ್ಲಿ ಸುಮಾರು 70, ಸೆಟೋಸಾದಲ್ಲಿ 38. ಎರಡನ್ನು ಕೂಡಿದರೆ ಮೂರನೆಯದು ಬರುತ್ತದೆ. ವರ್ಸಿಕಲರ್ ಎಂಬುದು ಬಹು ಹಿಂದೆ ಈ ಎರಡರ ಬೆರಕೆಯಿಂದ, ವರ್ಣತಂತುಗಳು ಪೂರ್ತಿಯಾಗಿ ಕೂಡಿ ಹುಟ್ಟಿದ ಪ್ರಭೇದವೆಂಬುದು ಆಂಡರ್ಸನ್ ಅವರ ನಿರ್ಣಯ.

ಆ ಅಧ್ಯಯನಕ್ಕಾಗಿ ಅಳೆದ ಹೂಗಳ ಪೈಕಿ ಸೆಟೋಸಾ, ವರ್ಸಿಕಲರ್, ವರ್ಜಿನಿಕಾ ಒಂದೊಂದರಿಂದ 50ರಂತೆ 150 ಹೂಗಳ ಎಸಳಿನ ಉದ್ದಗಲಗಳನ್ನು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಅದೇ 1936ರಲ್ಲಿ ತಮ್ಮ ಪ್ರಬಂಧವೊಂದರಲ್ಲಿ ಬಳಸಿದರು. ಇಂದು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ದತ್ತಾಂಶ ವಿಜ್ಞಾನವನ್ನು ಕಲಿಯುವವರು ಮೊದಲ ಪಾಠವಾಗಿ ಕಂಪ್ಯೂಟರಿಗೆ ಊಡುವ ಐರಿಸ್ ಅಂಕಿಗಳ ಪಟ್ಟಿ ಇದೇ. ಹೂವನ್ನೇ ಕಾಣದ ವಿದ್ಯಾರ್ಥಿಗೂ ಪರಿಚಿತವಾದ ಆ ಕೋಷ್ಟಕದ ಹಿಂದಿರುವುದು, ಒಂದು ಕಾಡುಗಿಡದ ತಂದೆತಾಯಿಗಳು ಯಾರು ಎಂಬ, ಐರಿಸ್ ಬೆಳೆಗಾರರು ಬಹುಕಾಲದಿಂದ ಕೇಳುತ್ತ ಬಂದ ಪ್ರಶ್ನೆ.

20ನೇ ಶತಮಾನದ ಉತ್ತರಾರ್ಧದಲ್ಲಿ ಈ ಜ್ಞಾನ ಸಂಸ್ಥೆಗಳ ಆಶ್ರಯದಲ್ಲಿ ನೆಲೆಗೊಂಡಿತು. ಲೆನಿನ್‌ಗ್ರಾದ್‌ನ ಕೊಮರೊವ್ ಸಂಸ್ಥೆಯ ಜಾರ್ಜಿ ರೊಡಿಯೊನೆಂಕೊ 1961ರಲ್ಲಿ, ಕ್ಯೂ ಉದ್ಯಾನದ ಬ್ರಯನ್ ಮ್ಯಾಥ್ಯೂ 1981ರಲ್ಲಿ ಇಡೀ ಕುಲವನ್ನು ಮತ್ತೆ ವಿಂಗಡಿಸಿದರು. 1920ರಲ್ಲಿ ಹುಟ್ಟಿದ ಅಮೆರಿಕನ್ ಐರಿಸ್ ಸೊಸೈಟಿಯ ಒಳಗೆ ಕಾಡುಪ್ರಭೇದಗಳಿಗೇ ಮೀಸಲಾದ ವಿಭಾಗವೊಂದು ರೂಪುಗೊಂಡು, ಸದಸ್ಯರು ಕಳಿಸಿದ ಬೀಜಗಳನ್ನು ಪ್ರತಿವರ್ಷ ಹಂಚುವ ಏರ್ಪಾಡನ್ನು ನಡೆಸತೊಡಗಿತು. ಈ ಹಂಚಿಕೆಯಲ್ಲಿ ಹಳೆಯ ಅನುಭವದ ಪಾಠ ಅಡಗಿದೆ: ಕಾಡಿನಿಂದ ತಂದ ಬೀಜ, ಕೈಯಿಂದ ಪರಾಗಸ್ಪರ್ಶ ಮಾಡಿ ಪಡೆದ ಬೀಜ, ದುಂಬಿಯ ಪಾಲಿಗೆ ಬಿಟ್ಟ ತೋಟದ ಬೀಜ ಎಂಬ ಮೂರನ್ನು ಬೇರೆ ಬೇರೆಯಾಗಿ ಗುರುತಿಸುವುದು ಅಲ್ಲಿ ಮುಖ್ಯ. ಮೂರನೆಯ ಬಗೆಯ ಬೀಜದಿಂದ ಚೆಂದದ ಹೂವು ಬರಬಹುದು, ಆದರೆ ಅದರ ಮೇಲಿನ ಪ್ರಭೇದದ ಹೆಸರನ್ನು ಯಾರೂ ಖಾತ್ರಿ ಮಾಡಲಾರರು.

ಕಾಡಿನಲ್ಲಿ ಗಿಡಗಳು ಕಡಿಮೆಯಾದಂತೆ ಈ ವ್ಯತ್ಯಾಸದ ಬೆಲೆ ಹೆಚ್ಚಿದೆ. ಜಾರ್ಜಿಯಾ ದೇಶದ ಪರ್ವತದ ಹುಲ್ಲುಗಾವಲಿನ ಕೆಲವೇ ಜಾಗಗಳಲ್ಲಿ ಬೆಳೆಯುವ, ತಿಳಿಹಳದಿ ಬಣ್ಣದ ಐರಿಸ್ ವಿನೊಗ್ರಾಡೊವಿಯಿ ಅಳಿವಿನಂಚಿನಲ್ಲಿದೆ. ಇಂಗ್ಲೆಂಡಿನ ಇ. ಬಿ. ಆಂಡರ್ಸನ್ 1950ರ ದಶಕದಲ್ಲಿ ಅದನ್ನು ತುರ್ಕಿಯ ನೀಲಿ ಐರಿಸ್ ಹಿಸ್ಟ್ರಿಯಾಯ್ಡಿಸ್‌ನೊಡನೆ ಬೆರೆಸಿ ಪಡೆದ 'ಕ್ಯಾಥರಿನ್ ಹಾಡ್ಜ್‌ಕಿನ್' ಎಂಬ ತಳಿ, ಗೆಡ್ಡೆ ಒಡೆದು ಬೇಗ ಹೆಚ್ಚುವುದರಿಂದ, ಇಂದು ಅಂಗಡಿಗಳಲ್ಲಿ ಅಗ್ಗವಾಗಿ ಸಿಗುತ್ತದೆ. ತಾಯಿತಂದೆಗಳಲ್ಲಿ ಒಂದು ಮಾತ್ರ ತನ್ನ ನೆಲೆಯಲ್ಲೇ ದುರ್ಲಭವಾಗಿದೆ. ವಿಯೆನ್ನಾಕ್ಕೆ ಬಂದ ಐರಿಸ್ ಸೂಸಿಯಾನಾದ ಸ್ಥಿತಿ ಇನ್ನೂ ವಿಚಿತ್ರ. ಅದರ ಕಾಡುನೆಲೆ ಎಲ್ಲಿಯೂ ಖಚಿತವಾಗಿ ಸಿಕ್ಕಿಲ್ಲ. ನಾಲ್ಕೂವರೆ ಶತಮಾನಗಳಿಂದ ತೋಟಗಳಲ್ಲಿ ಬೇರುಕಾಂಡವನ್ನು ಒಡೆದು ನೆಡುತ್ತ ಬಂದಿರುವುದರಿಂದಲೇ ಅದು ಉಳಿದಿದೆ. ಆದರೆ ಹಾಗೆ ಒಡೆದು ನೆಟ್ಟ ಗಿಡಗಳೆಲ್ಲ ಆನುವಂಶಿಕವಾಗಿ ಒಂದೇ ಗಿಡ. ಆಂಕೊಸೈಕ್ಲಸ್ ಗುಂಪಿನವು ಸಾಮಾನ್ಯವಾಗಿ ಸ್ವಂತ ಪರಾಗಕ್ಕೆ ಬೀಜ ಕಟ್ಟದಿರುವುದರಿಂದ, ಒಂದು ಪ್ರಭೇದವನ್ನು ತೋಟದಲ್ಲಿ ನಿಜವಾಗಿ ಉಳಿಸಬೇಕಾದರೆ ಬೇರೆ ಬೇರೆ ಬೀಜಗಳಿಂದ ಹುಟ್ಟಿದ ಎರಡು ಗಿಡಗಳಾದರೂ ಇದ್ದು, ಅವುಗಳ ನಡುವೆ ಪರಾಗ ಸಾಗಬೇಕು.

ಈ ದೀರ್ಘಕಾಲದ ಕೆಲಸದಲ್ಲಿ ಹೊಸ ಬಣ್ಣದ ಹೂವಿಗಾಗಿ ಹಾಕಿದ ಪರಾಗವೂ ಇದೆ, ಪ್ರಭೇದವನ್ನು ಇದ್ದಂತೆ ಉಳಿಸಲು ಹಾಕಿದ ಪರಾಗವೂ ಇದೆ. ಚಿಮುಟ ಎರಡಕ್ಕೂ ಒಂದೇ. ಫಾಸ್ಟರ್, ಡೈಕ್ಸ್, ಕುಕ್ ಅವರ ಹಿತ್ತಿಲುಗಳು ಪ್ರಯೋಗಶಾಲೆಗಳಾದದ್ದು ಗಿಡಗಳ ಅಪರೂಪದಿಂದಲ್ಲ, ಬೀಜ ಎಲ್ಲಿಂದ ಬಂತು, ತಾಯಿ ಯಾವುದು, ತಂದೆ ಯಾವುದು ಎಂಬುದನ್ನು ಅವರು ಬರೆದಿಟ್ಟದ್ದರಿಂದ. ಬರಹವಿಲ್ಲದ ಗಿಡ ಬೆಳೆದವರ ಕಾಲಕ್ಕೆ ಮುಗಿಯುತ್ತದೆ. ಬರಹವಿರುವ ಗಿಡದಿಂದ ಮುಂದಿನವರು ಪ್ರಭೇದವನ್ನು ಮತ್ತೆ ಕಟ್ಟಬಹುದು. ಅಪರೂಪದ ಯಾವುದೇ ಕಾಡುಸಸ್ಯವನ್ನು, ಅದು ಐರಿಸ್ ಆಗಲಿ ಬೇರೆಯದಾಗಲಿ, ಮನೆಯಲ್ಲಿ ಬೆಳೆಯುವವರು ಹೂವಿಗೆ ಕೈಹಚ್ಚುವ ಮುನ್ನ ಚೀಟಿಯನ್ನು ಸಿದ್ಧಪಡಿಸಿಕೊಳ್ಳಬೇಕು.